ಮಲಮೂತ್ರದಿಂದ ನೀರು, ಬೆಂಕಿ: ಪೊರೆಯ ವಿದ್ಯೆ ನಮಗೆಷ್ಟು ದಕ್ಕೀತು?



ಕಳೆದ ತಿಂಗಳು ಭಾನುವಾರದ ಪೂಜೆ ಮುಗಿದು ನಾನು ಹೊರಗೆ ಬಂದಾಗ, ಕಾಲುವೆ ಪಕ್ಕದ ಊರಿನ ಹಿರಿಯ ರೈತರೊಬ್ಬರು ನನ್ನನ್ನು ತಡೆದು ನಿಲ್ಲಿಸಿದರು. "ಸ್ವಾಮಿ, ಸಿಂಗಪುರದಲ್ಲಿ ಕಕ್ಕಸಿನ ನೀರನ್ನೇ ಸೋಸಿ ಕುಡೀತಾರಂತೆ. ನನ್ನ ಮೊಮ್ಮಗ ಹೇಳ್ತಾನೆ. ಬೆಂಗಳೂರಿನವರೂ ಹಾಗೇ ಸೋಸಿ ನಮ್ಮ ಹೊಳೆಗೆ ಬಿಡ್ತಾರಂತೆ. ಸೋಸಿದ ನೀರಾದ್ರೆ ನಮ್ಮ ಕಾಲುವೇಲಿ ನೊರೆ ಯಾಕೆ ಸ್ವಾಮಿ?" ಎಂದು ಕೇಳಿದರು. ಸುತ್ತ ನಿಂತಿದ್ದ ನಾಲ್ಕು ಮಂದಿ ನಕ್ಕರು. ನನಗೆ ನಗು ಬರಲಿಲ್ಲ. ಪ್ರಶ್ನೆ ಬಹಳ ಸರಿಯಾಗಿತ್ತು, ನನ್ನ ಬಳಿ ಉತ್ತರ ಇರಲಿಲ್ಲ. ಆ ದಿನದಿಂದ ಓದಿ, ಬಲ್ಲವರನ್ನು ಕೇಳಿ ತಿಳಿದುಕೊಂಡದ್ದನ್ನು ಈ ಸಲದ ಅಂಕಣದಲ್ಲಿ ಬರೆಯುತ್ತಿದ್ದೇನೆ. ವಿಷಯ ಮಲಮೂತ್ರದ್ದು. ಊಟದ ಹೊತ್ತಿನಲ್ಲಿ ಓದುವವರು ಪತ್ರಿಕೆಯನ್ನು ಮಡಿಸಿಟ್ಟು ಆಮೇಲೆ ಓದಬಹುದು.

ಸಿಂಗಪುರದ ವಿಷಯ ನಿಜ. ಅದಕ್ಕಿಂತ ಎಷ್ಟೋ ವರ್ಷ ಮೊದಲು ಆಫ್ರಿಕಾ ಖಂಡದ ನಮೀಬಿಯಾ ದೇಶದ ವಿಂಡ್‌ಹುಕ್ ನಗರದಲ್ಲಿ ಈ ಕೆಲಸ ಆರಂಭವಾಗಿತ್ತು. ವರ್ಷಕ್ಕೆ 400 ಮಿಲಿಮೀಟರೂ ಮಳೆ ಬೀಳದ ಊರು ಅದು. ಹತ್ತಿರದಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಬೇರೆ ದಾರಿ ಕಾಣದೆ ಅಲ್ಲಿನವರು 1968ರಲ್ಲಿ ಗೊರೆಂಗಾಬ್ ಎಂಬ ಕಡೆ ಊರಿನ ಒಳಚರಂಡಿ ನೀರನ್ನು ಶುದ್ಧಿ ಮಾಡಿ ಕುಡಿಯುವ ನೀರಿನ ಕೊಳಾಯಿಗೆ ಸೇರಿಸಲು ಶುರು ಮಾಡಿದರು. ಆಗ ಪೊರೆಯ ಸೋಸುವಿಕೆ ಅವರಲ್ಲಿ ಇರಲಿಲ್ಲ. 2002ರಲ್ಲಿ ಕಟ್ಟಿದ ಹೊಸ ಘಟಕದಲ್ಲಿ ಅದನ್ನೂ ಸೇರಿಸಿದರು. ಅದು ದಿನಕ್ಕೆ 2 ಕೋಟಿ 10 ಲಕ್ಷ ಲೀಟರ್ ನೀರು ಕೊಡಬಲ್ಲದು. ಅರ್ಧ ಶತಮಾನಕ್ಕೂ ಮಿಕ್ಕಿ ಒಂದು ರಾಜಧಾನಿಯ ಜನ ಈ ನೀರನ್ನು ಬೇರೆ ನೀರಿನೊಂದಿಗೆ ಬೆರೆಸಿ ಕುಡಿಯುತ್ತಾ ಬಂದಿದ್ದಾರೆ.

ಅಲ್ಲಿನ ಒಂದು ಸಂಗತಿಯನ್ನು ನೀವು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಅದಕ್ಕೇ ಮರಳಿ ಬರುತ್ತೇನೆ. ವಿಂಡ್‌ಹುಕ್‌ನವರು ಮನೆಗಳ ಕೊಳೆನೀರನ್ನೂ ಕಾರ್ಖಾನೆಗಳ ಕೊಳೆನೀರನ್ನೂ ಬೆರೆಯಲು ಬಿಡುವುದಿಲ್ಲ. ಕಾರ್ಖಾನೆಯ ನೀರಿಗೆ ಬೇರೆ ಚರಂಡಿ, ಬೇರೆ ಘಟಕ. ಮನುಷ್ಯನ ಮಲಮೂತ್ರವನ್ನು ಶುದ್ಧಿ ಮಾಡಬಹುದೆಂಬ ಧೈರ್ಯ ಅವರಿಗಿತ್ತು. ಬಣ್ಣ, ಆಸಿಡ್, ಲೋಹ ಬೆರೆತ ನೀರಿನ ವಿಷಯದಲ್ಲಿ ಆ ಧೈರ್ಯವನ್ನು ಅವರು ಮಾಡಲಿಲ್ಲ.

ಪೊರೆ ಎಂದರೆ ಏನು?

ಇದರ ಕಥೆ ಶುರುವಾಗುವುದು ಒಂದು ಹಂದಿಯ ಮೂತ್ರಕೋಶದಿಂದ. ಫ್ರಾನ್ಸ್ ದೇಶದ ಆಬೆ ನೊಲೆ ಎಂಬವರು ನಮ್ಮ ಸಭೆಯ ಡೀಕನ್ ದೀಕ್ಷೆ ಪಡೆದಿದ್ದವರು, ಆದರೆ ಬದುಕಿನ ಬಹುಭಾಗವನ್ನು ಕಳೆದದ್ದು ವಿಜ್ಞಾನದ ಪ್ರಯೋಗಗಳಲ್ಲಿ. 1748ರಲ್ಲಿ ಅವರು ಮದ್ಯಸಾರ ತುಂಬಿದ ಒಂದು ಪಾತ್ರೆಯ ಬಾಯಿಗೆ ಹಂದಿಯ ಮೂತ್ರಕೋಶವನ್ನು ಬಿಗಿಯಾಗಿ ಕಟ್ಟಿ ನೀರಿನಲ್ಲಿ ಮುಳುಗಿಸಿಟ್ಟರು. ಕೆಲವು ಗಂಟೆಗಳ ಬಳಿಕ ನೋಡಿದರೆ ಮೂತ್ರಕೋಶ ಉಬ್ಬಿ ನಿಂತಿತ್ತು. ಸೂಜಿಯಿಂದ ಚುಚ್ಚಿದಾಗ ಒಳಗಿನದು ಕಾರಂಜಿಯಂತೆ ಚಿಮ್ಮಿತು. ಹೊರಗಿನ ನೀರು ಆ ತೊಗಲಿನ ಮೂಲಕ ಒಳಗೆ ನುಗ್ಗಿತ್ತು, ಒಳಗಿನ ಮದ್ಯಸಾರಕ್ಕೆ ಮಾತ್ರ ಹಾಗೆ ಸುಲಭವಾಗಿ ಹೊರಗೆ ಬರಲು ಆಗಿರಲಿಲ್ಲ. ಕೆಲವನ್ನು ಬಿಡುವ, ಕೆಲವನ್ನು ತಡೆಯುವ ಈ ಗುಣವೇ ಪೊರೆಯ ಗುಣ. ಗಿಡದ ಬೇರು ಮಣ್ಣಿನ ನೀರನ್ನು ಹೀರುವುದೂ ಇದೇ ನಿಯಮದಂತೆ. ಉಪ್ಪು ನೀರಿಗೆ ಬಿದ್ದ ಪೈರು ತೇವ ಇದ್ದರೂ ಬಾಡುವುದೂ ಇದೇ ಕಾರಣಕ್ಕೆ.

ನೀರು ತಾನಾಗಿಯೇ ತೆಳುವಾದ ಕಡೆಯಿಂದ ಗಟ್ಟಿಯಾದ ಕಡೆಗೆ ಹೋಗುತ್ತದೆ. ಗಟ್ಟಿಯಾದ ಕಡೆಯಲ್ಲಿ ಪಂಪಿನಿಂದ ಒತ್ತಡ ಹಾಕಿದರೆ? ನೀರು ಹಿಮ್ಮುಖವಾಗಿ ಹೊರಡುತ್ತದೆ, ಉಪ್ಪು ಮತ್ತು ಕೊಳೆ ಹಿಂದೆ ಉಳಿಯುತ್ತವೆ. ಇದನ್ನು ಕೈಗೂಡಿಸುವ ಒಳ್ಳೆಯ ಪೊರೆ ಬಹುಕಾಲ ಸಿಕ್ಕಿರಲಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 1960ರ ಆಸುಪಾಸಿನಲ್ಲಿ ಸಿಡ್ನಿ ಲೋಬ್ ಮತ್ತು ನಮ್ಮ ದೇಶದಲ್ಲಿ ಹುಟ್ಟಿದ ಶ್ರೀನಿವಾಸ ಸೌರಿರಾಜನ್ ಇಬ್ಬರೂ ಸೇರಿ ಅದನ್ನು ತಯಾರಿಸಿದರು. 1965ರಲ್ಲಿ ಕೊಅಲಿಂಗ ಎಂಬ ಸಣ್ಣ ಊರಿನ ಜನ ಆ ಪೊರೆಯ ನೀರು ಕುಡಿದರು. ಇಂದು ನಮ್ಮ ಹಳ್ಳಿಗಳಲ್ಲಿ ನಾಣ್ಯ ಹಾಕಿ 20 ಲೀಟರ್ ಕ್ಯಾನ್ ತುಂಬಿಸಿಕೊಳ್ಳುತ್ತೇವಲ್ಲ, ಆ ಆರ್.ಓ. ಮಿಷನ್ನಿನ ಹೊಟ್ಟೆಯೊಳಗೆ ಸುರುಳಿ ಸುತ್ತಿ ಕುಳಿತಿರುವುದು ಇದೇ ವಂಶದ ಪೊರೆ. ಹೀಗಾಗಿ ಸಿಂಗಪುರದವರ ನೀರಿಗೆ ಮೂಗು ಮುರಿಯುವವರ ಮನೆಯಲ್ಲೂ ಅದೇ ವಿದ್ಯೆ ನಡೆಯುತ್ತಿದೆ.

ಆದರೆ ಪೊರೆಗಳೆಲ್ಲ ಒಂದೇ ಅಲ್ಲ. ಇದನ್ನು ಸರಿಯಾಗಿ ತಿಳಿದುಕೊಂಡರೆ ಮಿಕ್ಕದ್ದೆಲ್ಲ ಸುಲಭ. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲಿಗೆ ಮೈಕ್ರಾನ್ ಎನ್ನುತ್ತಾರೆ. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ಮಕ್ಕಳ ಹೊಟ್ಟೆಯಲ್ಲಿ ಬರುವ ಜಂತುಹುಳದ ಮೊಟ್ಟೆ 40ರಿಂದ 60 ಮೈಕ್ರಾನ್. ಭೇದಿ ತರುವ ಬ್ಯಾಕ್ಟೀರಿಯಾ ಒಂದೆರಡು ಮೈಕ್ರಾನ್. ಪೋಲಿಯೋ ವೈರಸ್ 0.03 ಮೈಕ್ರಾನ್. ಅಲ್ಟ್ರಾಫಿಲ್ಟರ್ ಎಂಬ ಪೊರೆಯ ರಂಧ್ರ 0.01ರಿಂದ 0.1 ಮೈಕ್ರಾನ್ ಇರುತ್ತದೆ. ಹುಳದ ಮೊಟ್ಟೆ, ಬ್ಯಾಕ್ಟೀರಿಯಾ ಅದರಲ್ಲಿ ತೂರಲಾರವು, ವೈರಸ್ಸುಗಳಲ್ಲೂ ಹೆಚ್ಚಿನವು ಅಲ್ಲೇ ಉಳಿಯುತ್ತವೆ. ಆದರೆ ನೀರಿನಲ್ಲಿ ಕರಗಿರುವ ಉಪ್ಪು, ಯೂರಿಯಾದಿಂದ ಬಂದ ಸಾರಜನಕ, ರಂಜಕ ಇವೆಲ್ಲ ಸರಾಗವಾಗಿ ದಾಟುತ್ತವೆ. ಆರ್.ಓ. ಪೊರೆಯಲ್ಲಿ ಹೇಳಿಕೊಳ್ಳುವಂಥ ರಂಧ್ರವೇ ಇಲ್ಲ, ಅದು ಉಪ್ಪನ್ನೂ ಲೋಹವನ್ನೂ ಬಹುಪಾಲು ತಡೆಯುತ್ತದೆ.

ಸಿಂಗಪುರದಲ್ಲಿ ಈ ಎರಡನ್ನೂ ಒಂದರ ಹಿಂದೆ ಒಂದು ಇಟ್ಟಿದ್ದಾರೆ. ಮೊದಲು ಎಲ್ಲ ಊರಿನಂತೆ ಗಾಳಿ ಊದಿ, ಬ್ಯಾಕ್ಟೀರಿಯಾ ಬೆಳೆಸಿ ಕೊಳೆಯನ್ನು ತಿನ್ನಿಸುತ್ತಾರೆ. ಆಮೇಲೆ ಸಣ್ಣ ರಂಧ್ರದ ಪೊರೆ, ಆಮೇಲೆ ಆರ್.ಓ., ಕೊನೆಗೆ ನೇರಳಾತೀತ ಬೆಳಕು. ಹೆಸರು ನ್ಯೂವಾಟರ್. ಜನರಿಗೆ ಕೊಡುವ ಮೊದಲು ಎರಡು ವರ್ಷ ಪರೀಕ್ಷೆ ಮಾಡಿದರು, ಇಲಿಗಳಿಗೆ ಕುಡಿಸಿದರು, ಮೀನುಗಳನ್ನು ಅದರಲ್ಲಿ ಸಾಕಿದರು. 2002ರ ಆಗಸ್ಟ್ 9ರ ರಾಷ್ಟ್ರೀಯ ದಿನದಂದು ಪ್ರಧಾನಿ ಗೋಹ್ ಚೋಕ್ ಟೋಂಗ್ ಮತ್ತು ಸುಮಾರು 60,000 ಜನ ಒಟ್ಟಿಗೆ ಬಾಟಲಿ ಎತ್ತಿ ಆ ನೀರು ಕುಡಿದರು. 2003ರಲ್ಲಿ ಸರಬರಾಜು ಶುರುವಾಯಿತು. ಈಗ ಆ ದೇಶದ ನೀರಿನ ಬೇಡಿಕೆಯಲ್ಲಿ ಶೇಕಡ 40ರವರೆಗೆ ಪೂರೈಸುವ ಶಕ್ತಿ ಅದಕ್ಕಿದೆ. ಹೆಚ್ಚಿನದನ್ನು ಕಾರ್ಖಾನೆಗಳು ಬಳಸುತ್ತವೆ, ಒಂದಿಷ್ಟನ್ನು ಜಲಾಶಯಗಳಿಗೆ ಬಿಟ್ಟು ಅಲ್ಲಿಂದ ಮತ್ತೆ ಶುದ್ಧಿ ಮಾಡಿ ಕೊಳಾಯಿಗೆ ಕೊಡುತ್ತಾರೆ. ಮಲೇಷ್ಯಾದಿಂದ ಕೊಳ್ಳುವ ನೀರಿನ ಒಪ್ಪಂದ 2061ಕ್ಕೆ ಮುಗಿಯುತ್ತದೆ. ನೆರೆಯವನ ಕಾಲುವೆಯನ್ನು ನಂಬಿ ಬೆಳೆ ಇಟ್ಟ ರೈತನ ಚಿಂತೆ ಆ ಸಣ್ಣ ದೇಶಕ್ಕೂ ಇತ್ತು.

ಬೆಂಕಿ ಎಲ್ಲಿಂದ ಬರುತ್ತದೆ?

ಗೋಬರ್ ಗ್ಯಾಸ್ ಇರುವ ಮನೆಯವರಿಗೆ ನಾನು ವಿವರಿಸಬೇಕಾಗಿಲ್ಲ. ಗಾಳಿಯಾಡದ ತೊಟ್ಟಿಯಲ್ಲಿ ಸಗಣಿ ಕೊಳೆತರೆ ಗ್ಯಾಸು ಬರುತ್ತದೆ. ಮನುಷ್ಯನ ಮಲಕ್ಕೂ ಅದೇ ನಿಯಮ. ಆದರೆ ಲೆಕ್ಕವನ್ನು ಸ್ವಲ್ಪ ಪ್ರಾಮಾಣಿಕವಾಗಿ ಹಾಕೋಣ. ಒಬ್ಬ ಮನುಷ್ಯನ ಮಲದಿಂದ ದಿನಕ್ಕೆ ಸಿಗುವ ಗ್ಯಾಸು ಸುಮಾರು 25ರಿಂದ 30 ಲೀಟರ್. ಹತ್ತು ಕಿಲೋ ಸಗಣಿ ಹಾಕುವ ಒಂದು ಹಸುವಿನಿಂದ ಸುಮಾರು 400 ಲೀಟರ್. ಅಂದರೆ ಹದಿಮೂರರಿಂದ ಹದಿನಾರು ಜನ ಸೇರಿದರೆ ಒಂದು ಹಸುವಿಗೆ ಸಮ! ಐದು ಜನರ ಮನೆಯಲ್ಲಿ ಬರೀ ಪಾಯಿಖಾನೆಯ ಗ್ಯಾಸಿನಿಂದ ಅಡಿಗೆ ಮಾಡುತ್ತೇವೆಂದರೆ ಬೆಳಗಿನ ಕಾಫಿಗೆ ಸಾಕಾದೀತು, ಅಷ್ಟೆ.

ಪಟ್ಟಣದ ಒಳಚರಂಡಿಯಲ್ಲಿ ತೊಂದರೆ ಇನ್ನೊಂದು. ಅಲ್ಲಿ ಒಂದು ಹಿಡಿ ಮಲಕ್ಕೆ ನೂರಾರು ಲೀಟರ್ ನೀರು ಬೆರೆತಿರುತ್ತದೆ. ಗ್ಯಾಸು ಮಾಡುವ ಬ್ಯಾಕ್ಟೀರಿಯಾ ಬಹಳ ನಿಧಾನವಾಗಿ ಬೆಳೆಯುವಂಥವು. ನಮ್ಮ ಗೋಬರ್ ತೊಟ್ಟಿಯಲ್ಲಿ ಸಗಣಿ ಒಂದು ತಿಂಗಳಿಗೂ ಹೆಚ್ಚು ಕಾಲ ನಿಲ್ಲುವುದರಿಂದ ಅವುಗಳಿಗೆ ಪುರುಸೊತ್ತು ಸಿಗುತ್ತದೆ. ಒಳಚರಂಡಿ ನೀರನ್ನು ತಿಂಗಳುಗಟ್ಟಲೆ ನಿಲ್ಲಿಸಬೇಕಾದರೆ ಕೆರೆಯಷ್ಟು ದೊಡ್ಡ ತೊಟ್ಟಿ ಬೇಕು. ಬೇಗ ಹೊರಗೆ ಬಿಟ್ಟರೆ ಬ್ಯಾಕ್ಟೀರಿಯಾವೂ ಕೊಚ್ಚಿಕೊಂಡು ಹೋಗುತ್ತದೆ. ಪೊರೆಯ ಹೊಸ ಉಪಯೋಗ ಇಲ್ಲಿದೆ. ತೊಟ್ಟಿಯೊಳಗೆ ಶ್ಯಾವಿಗೆಯಂಥ ಸಾವಿರಾರು ಟೊಳ್ಳು ಎಳೆಗಳನ್ನು ಕಂತೆ ಕಟ್ಟಿ ಇಳಿಬಿಡುತ್ತಾರೆ. ಎಳೆಯ ಒಳಗಿನಿಂದ ಪಂಪು ಹೀರಿದಾಗ ನೀರು ಮಾತ್ರ ಎಳೆಯ ಗೋಡೆಯನ್ನು ದಾಟಿ ಹೊರಗೆ ಹೋಗುತ್ತದೆ. ಬ್ಯಾಕ್ಟೀರಿಯಾ ತೊಟ್ಟಿಯಲ್ಲೇ ಉಳಿದು ತನ್ನ ಕೆಲಸ ಮಾಡಿಕೊಂಡಿರುತ್ತದೆ. ನೀರು ಕೆಲವೇ ಗಂಟೆಗಳಲ್ಲಿ ಹೊರಗೆ, ಜೀವಿಗಳು ತಿಂಗಳುಗಟ್ಟಲೆ ಒಳಗೆ. ಒಂದು ಕಡೆ ಸೋಸಿದ ನೀರು, ಇನ್ನೊಂದು ಕಡೆ ಗ್ಯಾಸು.

ದಕ್ಷಿಣ ಕೊರಿಯಾದ ಬುಚಿಯೊನ್ ನಗರದಲ್ಲಿ ಇಂಥ ಒಂದು ಘಟಕವನ್ನು ನಿಜವಾದ ಒಳಚರಂಡಿ ನೀರಿನ ಮೇಲೆಯೇ ಪ್ರಯೋಗಕ್ಕಾಗಿ ನಡೆಸಿ, ಫಲಿತಾಂಶವನ್ನು 2014ರಲ್ಲಿ ಪ್ರಕಟಿಸಿದರು. ಚಳಿಗಾಲದಲ್ಲಿಯೂ ಅದು ಕೆಲಸ ಮಾಡಿತು. ಆದರೆ ತಣ್ಣಗಿನ ನೀರಿನಲ್ಲಿ ಗ್ಯಾಸಿನ ಒಂದು ಪಾಲು ಕರಗಿಕೊಂಡು ಹೊರಗೆ ಹೋಗಿಬಿಡುತ್ತದೆ ಎಂಬ ಕೊರತೆ ಇದೆ. ನಮ್ಮಂಥ ಬೆಚ್ಚನೆಯ ದೇಶಕ್ಕೆ ಆ ಕೊರತೆ ಕಡಿಮೆ.

ಒಂದು ಸಾವಿರ ಲೀಟರ್ ಒಳಚರಂಡಿ ನೀರಿನಲ್ಲಿ ಅಡಗಿರುವ ಶಕ್ತಿಯನ್ನು ಲೆಕ್ಕ ಹಾಕಿದರೆ ಸುಮಾರು ಒಂದೂವರೆಯಿಂದ ಎರಡು ಯೂನಿಟ್ ಆಗುತ್ತದೆ. ಗ್ಯಾಸು ಮಾಡಿ ಎಂಜಿನ್‌ನಲ್ಲಿ ಸುಟ್ಟರೆ ಕರೆಂಟಾಗಿ ಕೈಗೆ ಬರುವುದು ಅದರ ಮೂರರಲ್ಲಿ ಒಂದು ಪಾಲೂ ಕಷ್ಟ. ಗಾಳಿ ಊದುವ ಹಳೆಯ ವಿಧಾನದಲ್ಲಿ ಅದೇ ಸಾವಿರ ಲೀಟರಿಗೆ ಸುಮಾರು ಅರ್ಧ ಯೂನಿಟ್ ಖರ್ಚಾಗುತ್ತದೆ. ಹಾಗಾಗಿ ಊರಿನ ಮಲಮೂತ್ರದಿಂದ ಊರಿಗೆ ದೀಪ ಹಚ್ಚುತ್ತೇವೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಶುದ್ಧಿ ಮಾಡುವ ಘಟಕ ತನ್ನ ಕರೆಂಟು ಬಿಲ್ಲನ್ನು ತಾನೇ ಬಹುಪಾಲು ತೀರಿಸಿಕೊಳ್ಳಬಹುದು ಎಂದರೆ ನಂಬಬಹುದು. ಅದೇನು ಸಣ್ಣ ಮಾತಲ್ಲ. ನಮ್ಮ ದೇಶದಲ್ಲಿ ಎಷ್ಟೋ ಘಟಕಗಳು ಕಟ್ಟಿದ ಮೇಲೆ ನಿಂತುಹೋಗುವುದು ಕರೆಂಟು ಬಿಲ್ಲಿನ ಭಾರಕ್ಕೇ.

ಒಂದೇ ಮನೆಗೆ ಸಾಕಾಗುವ ಪಾಯಿಖಾನೆಯ ಪ್ರಯತ್ನವೂ ನಡೆದಿದೆ. ಬಿಲ್ ಗೇಟ್ಸ್ ದಂಪತಿಗಳ ಪ್ರತಿಷ್ಠಾನ 2011ರಲ್ಲಿ ಒಂದು ಸವಾಲು ಹಾಕಿತು: ನೀರಿನ ಕೊಳಾಯಿ, ಒಳಚರಂಡಿ, ಕರೆಂಟು ಯಾವುದರ ಹಂಗೂ ಇಲ್ಲದೆ, ಒಬ್ಬರಿಗೆ ದಿನಕ್ಕೆ ಐದು ಅಮೆರಿಕನ್ ಸೆಂಟಿಗಿಂತ ಕಡಿಮೆ ಖರ್ಚಿನಲ್ಲಿ ನಡೆಯುವ ಪಾಯಿಖಾನೆ ಮಾಡಿ ತೋರಿಸಿ ಎಂದು. ಇಂಗ್ಲೆಂಡಿನ ಕ್ರಾನ್‌ಫೀಲ್ಡ್ ವಿಶ್ವವಿದ್ಯಾಲಯದವರು ಇದಕ್ಕಾಗಿ ನ್ಯಾನೋ ಪೊರೆಯ ಪಾಯಿಖಾನೆ ರೂಪಿಸಿದರು. ಮುಚ್ಚಳ ಮುಚ್ಚಿದರೆ ಬಟ್ಟಲು ತಿರುಗಿ ಎಲ್ಲವನ್ನೂ ಕೆಳಗೆ ಸುರಿಯುತ್ತದೆ, ನೀರು ಸುರಿಯುವ ಕೆಲಸವಿಲ್ಲ. ಮೂತ್ರದ ನೀರು ಆವಿಯಾಗಿ ಪೊರೆಯ ಮೂಲಕ ಬೇರೆಯಾಗುತ್ತದೆ. ಗಟ್ಟಿ ಭಾಗವನ್ನು ಒಣಗಿಸಿ ಸುಟ್ಟು, ಆ ಶಾಖದಿಂದಲೇ ಮಿಷನ್ನು ನಡೆಸಬೇಕೆಂಬುದು ಯೋಜನೆ. ಇಂಥ ಪಾಯಿಖಾನೆಗಳ ಪ್ರದರ್ಶನ 2014ರಲ್ಲಿ ದೆಹಲಿಯಲ್ಲೂ ನಡೆಯಿತು. 2022ರಲ್ಲಿ ಸ್ಯಾಮ್ಸಂಗ್ ಕಂಪನಿಯವರೂ ಬೇರೆ ವಿಧಾನದ ಒಂದು ಮಾದರಿ ತಯಾರಾಯಿತೆಂದು ಪ್ರಕಟಿಸಿದರು. ಹೊಸೂರಿನ ಅಂಗಡಿ ಬೀದಿಯಲ್ಲಿ ಇವನ್ನು ಹುಡುಕಿಕೊಂಡು ಹೋಗುವ ಕಾಲ ಇನ್ನೂ ಬಂದಿಲ್ಲ. ಐದು ಸೆಂಟಿನ ಲೆಕ್ಕ ಎಲ್ಲರಿಗೂ ಕಬ್ಬಿಣದ ಕಡಲೆಯಾಗಿದೆ.

ನಮ್ಮ ಕಾಲುವೆಯ ನೊರೆ

ಈಗ ಹಿರಿಯರ ಪ್ರಶ್ನೆಗೆ ಬರುತ್ತೇನೆ. ದಕ್ಷಿಣ ಪಿನಾಕಿನಿ ನಂದಿಬೆಟ್ಟದ ಬಳಿ ಹುಟ್ಟಿ, ಹೊಸಕೋಟೆ ಕಡೆಯಿಂದ ಇಳಿದು, ಬೆಂಗಳೂರಿನ ಬೆಳ್ಳಂದೂರು ಮತ್ತು ವರ್ತೂರು ಕೆರೆಗಳ ನೀರನ್ನು ಸೇರಿಸಿಕೊಂಡು ನಮ್ಮ ಕೆಲವರಪಳ್ಳಿ ಅಣೆಕಟ್ಟೆಗೆ ಬರುತ್ತದೆ. 2017ರಲ್ಲಿಯೂ 2018ರಲ್ಲಿಯೂ ಬೆಂಕಿ ಹತ್ತಿಕೊಂಡು ಸುದ್ದಿಯಾದದ್ದು ಇದೇ ಬೆಳ್ಳಂದೂರು ಕೆರೆ. ಬೆಂಗಳೂರಿನಲ್ಲಿ ಶುದ್ಧಿ ಮಾಡುವ ದೊಡ್ಡ ಘಟಕಗಳು ಇಲ್ಲವೆಂದಲ್ಲ. ಆದರೆ ಅವುಗಳಲ್ಲಿ ಹೆಚ್ಚಿನವು ಮಾಡುವುದು ಎರಡನೆಯ ಹಂತದವರೆಗಿನ ಕೆಲಸ, ಅಂದರೆ ಗಾಳಿ ಊದಿ ಕೊಳೆಯನ್ನು ತಿನ್ನಿಸುವುದು. ಸಿಂಗಪುರದವರು ಎಲ್ಲಿಂದ ಪೊರೆಯ ಕೆಲಸ ಶುರು ಮಾಡುತ್ತಾರೋ ಅಲ್ಲಿಗೆ ಇವರ ಕೆಲಸ ಮುಗಿಯುತ್ತದೆ. ಕಬ್ಬನ್ ಪಾರ್ಕಿನ ಗಿಡಗಳಿಗೆ ನೀರು ಕೊಡುವಂಥ ಸಣ್ಣ ಪೊರೆ ಘಟಕಗಳು, ಕೆಲವು ದೊಡ್ಡ ವಸತಿ ಕಟ್ಟಡಗಳ ಘಟಕಗಳು ಇವೆ, ಆದರೆ ನಮ್ಮ ಹೊಳೆಗೆ ಬರುವ ನೀರಿನ ರಾಶಿಯಲ್ಲಿ ಅವುಗಳ ಪಾಲು ಅಲ್ಪ. ಇದರ ಜೊತೆಗೆ ಯಾವ ಘಟಕವನ್ನೂ ಮುಟ್ಟದೆ ಮಳೆನೀರಿನ ಚರಂಡಿಯಲ್ಲಿ ನೇರವಾಗಿ ಬರುವ ಕೊಚ್ಚೆಯೂ ಇದೆ. ನೊರೆ ಬರುವುದು ಬಟ್ಟೆ ಸೋಪಿನ ಪುಡಿಯಂಥ ವಸ್ತುಗಳು ಪೂರ್ತಿ ಕರಗಿ ನಾಶವಾಗದೆ ಉಳಿದದ್ದರಿಂದ. ಮಳೆ ಬಂದು ನೀರು ರಭಸದಿಂದ ಬಿದ್ದಾಗ ಅದು ಬುರುಗುಟ್ಟುತ್ತದೆ. ಒಟ್ಟಿನಲ್ಲಿ, ಸಿಂಗಪುರದ ಮೊಮ್ಮಗನ ಮಾತೂ ನಿಜ, ಅಜ್ಜನ ನೊರೆಯೂ ನಿಜ. ಎರಡಕ್ಕೂ "ಶುದ್ಧೀಕರಿಸಿದ ನೀರು" ಎಂಬ ಒಂದೇ ಹೆಸರು ಇಟ್ಟಿರುವುದೇ ಮೋಸ.

ನೆರೆಯ ಕೋಲಾರಕ್ಕೆ 2018ರಿಂದ ಹರಿಯುತ್ತಿರುವ ಕೆ.ಸಿ. ವ್ಯಾಲಿ ನೀರೂ ಎರಡನೆಯ ಹಂತದ್ದೇ. ಬತ್ತಿದ ಕೆರೆಗಳು ತುಂಬಿದವು, ಬೋರ್‌ವೆಲ್‌ಗಳಲ್ಲಿ ನೀರು ಮೇಲೆ ಬಂತು, ಇದನ್ನು ಅಲ್ಲಿನ ರೈತರೇ ಹೇಳುತ್ತಾರೆ. ಮೊದಲ ವರ್ಷವೇ ನೊರೆ ಕಂಡು ಹೈಕೋರ್ಟು ನೀರು ನಿಲ್ಲಿಸಿದ್ದೂ, ಮೂರನೆಯ ಹಂತದ ಶುದ್ಧಿ ಬೇಕೆಂದು ಅವರು ಈವರೆಗೆ ಕೇಳುತ್ತಾ ಬಂದಿರುವುದೂ ಅಷ್ಟೇ ನಿಜ. ಹಸಿದವನಿಗೆ ಅರೆಬೆಂದ ಅನ್ನವೂ ಅನ್ನವೇ. ಆದರೆ ಒಲೆಯ ಮೇಲೆ ಇನ್ನು ಹತ್ತು ನಿಮಿಷ ಇಡಿ ಎಂದು ಕೇಳುವುದು ತಪ್ಪಲ್ಲ.

ಹಾಗಾದರೆ ನಾವು ಕೇಳಬೇಕಾದದ್ದು ಯಾವ ಪೊರೆಯನ್ನು? ಹೊಲಕ್ಕೆ ಆರ್.ಓ. ಬೇಡವೆಂಬುದು ನನ್ನ ಅಭಿಪ್ರಾಯ. ಅದು ಕರೆಂಟು ತಿನ್ನುತ್ತದೆ, ಸಾವಿರ ಲೀಟರಿಗೆ ಸಿಂಗಪುರದಲ್ಲೇ ಸುಮಾರು ಒಂದು ಯೂನಿಟ್. ಬೆಳೆಗೆ ಬೇಕಾದ ಸಾರಜನಕ, ರಂಜಕವನ್ನೂ ತೆಗೆದುಹಾಕುತ್ತದೆ, ಅದನ್ನು ನಾವು ಮತ್ತೆ ಅಂಗಡಿಯಿಂದ ಮೂಟೆಯಲ್ಲಿ ತರಬೇಕು. ಎಲ್ಲಕ್ಕಿಂತ ದೊಡ್ಡ ತೊಡಕು ಅದರ ಕಸನೀರು. ನಾಲ್ಕು ಲೀಟರ್ ಹಾಕಿದರೆ ಮೂರು ಲೀಟರ್ ಒಳ್ಳೆಯದು ಬಂದು, ಒಂದು ಲೀಟರಿನಲ್ಲಿ ಎಲ್ಲ ಉಪ್ಪೂ ಸೇರಿಕೊಳ್ಳುತ್ತದೆ. ಸಿಂಗಪುರಕ್ಕೆ ಸುತ್ತಲೂ ಸಮುದ್ರವಿದೆ, ಅಲ್ಲಿಗೆ ಬಿಡುತ್ತಾರೆ. ನಮಗೆ ಸಮುದ್ರ ಎಲ್ಲಿದೆ? ನಮ್ಮ ಹಳ್ಳಿಯ ನಾಣ್ಯದ ಮಿಷನ್ನುಗಳ ಹಿಂದೆ ಆ ನೀರು ಹರಿದ ಜಾಗದಲ್ಲಿ ಬಿಳಿ ಪುಡಿ ಕೂತಿರುವುದನ್ನು ನೋಡಿ, ತಿಳಿಯುತ್ತದೆ.

ಹೊಲಕ್ಕೆ ಹೊಂದುವುದು ಅಲ್ಟ್ರಾಫಿಲ್ಟರ್ ದರ್ಜೆಯ ಪೊರೆ. ರೋಗದ ಬೀಜ ಹೊರಗೆ ನಿಲ್ಲುತ್ತದೆ, ಗೊಬ್ಬರದ ಸಾರ ನೀರಿನಲ್ಲಿ ಉಳಿಯುತ್ತದೆ. ನಮ್ಮ ದೇಹದಿಂದ ಹೋಗುವ ಸಾರಜನಕದಲ್ಲಿ ಹೆಚ್ಚಿನದು ಮೂತ್ರದಲ್ಲೇ ಇದೆ, ಒಬ್ಬರಿಗೆ ವರ್ಷಕ್ಕೆ ಸುಮಾರು ನಾಲ್ಕು ಕಿಲೋ. ಹತ್ತು ಜನರ ಲೆಕ್ಕ ಹಾಕಿದರೆ ಎರಡು ದೊಡ್ಡ ಮೂಟೆ ಯೂರಿಯಾಕ್ಕೆ ಸುಮಾರು ಸರಿಹೋದೀತು. ಆದರೆ ಕರಗಿದ ಲೋಹವನ್ನು ಈ ಪೊರೆ ತಡೆಯದು. ಅದಕ್ಕೇ ವಿಂಡ್‌ಹುಕ್‌ನ ಮಾತನ್ನು ನೆನಪಿಡಿ ಎಂದದ್ದು. ಕಾರ್ಖಾನೆಯ ನೀರನ್ನು ಬೆಂಗಳೂರಿನಲ್ಲೂ, ಹೊಸೂರಿನ ನಮ್ಮ ಸಿಪ್ಕಾಟಿನಲ್ಲೂ, ಅದರ ಬಾಗಿಲಲ್ಲೇ ತಡೆದು ಬೇರೆ ಮಾಡದಿದ್ದರೆ ಯಾವ ಪೊರೆ ಕಟ್ಟಿದರೂ ಹೊಲದ ಮಣ್ಣು ಉಳಿಯುವುದಿಲ್ಲ. ರೈತರ ಸಭೆಗೆ ಅಧಿಕಾರಿಗಳು ಬಂದು "ಶುದ್ಧೀಕರಿಸಿದ ನೀರು" ಎಂದಾಗ ನೀವು ಎರಡೇ ಪ್ರಶ್ನೆ ಕೇಳಿ: ಯಾವ ಹಂತದವರೆಗೆ? ಕಾರ್ಖಾನೆಯದು ಬೇರೆ ಹೋಗುತ್ತದೋ ಇಲ್ಲವೋ?

ಆ ದಿನ ಬರುವವರೆಗೆ ಕಾಲುವೆ ನೀರನ್ನು ಬಳಸುವವರು ಕೊತ್ತಂಬರಿ, ಮೂಲಂಗಿ, ಕ್ಯಾರೆಟ್ಟಿನಂಥ ಹಸಿಯಾಗಿ ತಿನ್ನುವ ಬೆಳೆಗೆ ಅದನ್ನು ಹಾಯಿಸದಿರುವುದು ಲೇಸು. ಗುಲಾಬಿ, ಹಿಪ್ಪುನೇರಳೆ, ರಾಗಿ ಇವಕ್ಕೆ ಅಪಾಯ ಕಡಿಮೆ. ತುಂತುರು ಹಾರಿಸುವುದಕ್ಕಿಂತ ಬುಡಕ್ಕೆ ಹನಿಸುವುದು ಒಳ್ಳೆಯದು. ಬರಿಗಾಲಲ್ಲಿ ನೀರು ಕಟ್ಟಬೇಡಿ. ಕೆಲಸ ಮುಗಿಸಿ ಬಂದವರು ಸೋಪಿನಿಂದ ಕೈ ತೊಳೆಯದೆ ಮಗುವನ್ನು ಎತ್ತಿಕೊಳ್ಳಬೇಡಿ. ಸೆಪ್ಟಿಕ್ ಟ್ಯಾಂಕ್ ಲಾರಿಯವರು ಪುಕ್ಕಟೆ ಗೊಬ್ಬರ ಎಂದು ಹಸಿಯಾಗಿ ತಂದು ಸುರಿಯುವುದನ್ನು ಒಪ್ಪಲೇಬೇಡಿ, ಜಂತುಹುಳದ ಮೊಟ್ಟೆ ಮಣ್ಣಿನಲ್ಲಿ ವರ್ಷಕ್ಕೂ ಮೇಲೆ ಬದುಕಿರುತ್ತದೆ.

ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ಹಿಂದೆ ಬೇರೊಂದು ಊರಿನಲ್ಲಿ ನಾನು ಹುಡುಗರ ಹಾಸ್ಟೆಲಿನ ವಾರ್ಡನ್ ಆಗಿದ್ದೆ. ಎಂಬತ್ತು ಮಕ್ಕಳು. ಹೊಸ ಪಾಯಿಖಾನೆ ಕಟ್ಟಿಸುವಾಗ ಜಾಗ ಉಳಿಯಲೆಂದು ಗುಂಡಿಯನ್ನು ಬಾವಿಯಿಂದ ಇಪ್ಪತ್ತು ಅಡಿಯಲ್ಲೇ ತೆಗೆಸಿದೆ. ಮೇಸ್ತ್ರಿ ಬೇಡವೆಂದಿದ್ದ, ನಾನು ಕೇಳಲಿಲ್ಲ. ಎರಡನೆಯ ಮಳೆಗಾಲದಲ್ಲಿ ಹನ್ನೊಂದು ಹುಡುಗರಿಗೆ ಕಾಮಾಲೆ ಬಂತು. ಒಬ್ಬನನ್ನು ಹದಿನೈದು ದಿನ ಆಸ್ಪತ್ರೆಯಲ್ಲಿ ಇಡಬೇಕಾಯಿತು. ಅವನ ತಾಯಿ ನನಗೆ ಒಂದು ಮಾತೂ ಅನ್ನಲಿಲ್ಲ, ಅದೇ ನನಗೆ ಹೆಚ್ಚು ನೋವಾದದ್ದು. ಆಮೇಲೆ ಆ ಗುಂಡಿಯನ್ನು ಮುಚ್ಚಿಸಿ, ಬಾವಿಯಿಂದ ಬಹಳ ದೂರಕ್ಕೆ, ತಗ್ಗಿನ ಕಡೆಗೆ, ಪಾಯಿಖಾನೆಯನ್ನೂ ನಾಲ್ಕು ಹಸುಗಳ ಕೊಟ್ಟಿಗೆಯನ್ನೂ ಒಂದೇ ಗ್ಯಾಸ್ ತೊಟ್ಟಿಗೆ ಸೇರಿಸಿದೆವು. ದಿನಕ್ಕೆ ಮೂರೂವರೆ ನಾಲ್ಕು ಘನಮೀಟರ್ ಗ್ಯಾಸು ಬರುತ್ತಿತ್ತು. ಎಂಬತ್ತು ಜನರ ಅನ್ನಕ್ಕೆ ಅದು ಸಾಲದು, ಸೌದೆ ಬೇಕೇ ಬೇಕಿತ್ತು. ಬೆಳಗಿನ ಹಾಲು ಮತ್ತು ಕುಡಿಯುವ ನೀರು ಕಾಯಿಸುವುದು ಮಾತ್ರ ಪೂರ್ತಿ ಆ ಒಲೆಯ ಮೇಲೆ. ಮೊದಲು ಅಡಿಗೆಯವರು ಆ ಒಲೆ ಮುಟ್ಟಲು ಒಪ್ಪಲಿಲ್ಲ. ಮೂರನೆಯ ದಿನ ನಾನೇ ಅದರಲ್ಲಿ ಕಾಫಿ ಮಾಡಿ ಅವರೆದುರು ಕುಡಿದೆ.

ಆ ತೊಟ್ಟಿಗೆ ಪೊರೆ ಇರಲಿಲ್ಲ. ಹೊರಬಂದ ಬಗ್ಗಡವನ್ನು ಒಣಗಿಸಿ, ಎಲೆಕಸದೊಂದಿಗೆ ತಿಂಗಳುಗಟ್ಟಲೆ ಮಾಗಿಸಿ ತೆಂಗಿನ ಬುಡಕ್ಕೆ ಮಾತ್ರ ಹಾಕುತ್ತಿದ್ದೆವು. ಮನೆಯ ಮಟ್ಟದಲ್ಲಿ ಇಂದಿಗೂ ನಮಗೆ ದಕ್ಕುವುದು ಇಷ್ಟೇ: ಬಾವಿಗೂ ಗುಂಡಿಗೂ ಕನಿಷ್ಠ 50 ಅಡಿ ಅಂತರ, ಬಂಡೆ ಬಿರುಕಿನ ನೆಲವಾದರೆ ಇನ್ನೂ ಹೆಚ್ಚು. ಎರಡು ಗುಂಡಿ ಮಾಡಿ, ಒಂದು ತುಂಬಿದಾಗ ಮುಚ್ಚಿ ಒಂದೂವರೆ ವರ್ಷ ಮುಟ್ಟದೆ ಬಿಟ್ಟರೆ ಒಳಗಿನದು ಮಣ್ಣಿನಂತಾಗುತ್ತದೆ. ಮುಚ್ಚಿದ ಸೆಪ್ಟಿಕ್ ಟ್ಯಾಂಕಿಗೆ ಯಾರನ್ನೂ ಇಳಿಸಬೇಡಿ. 2013ರ ಕಾನೂನು ಅದನ್ನು ಅಪರಾಧವೆಂದಿದೆ, ಒಳಗಿನ ವಿಷಗಾಳಿ ಕಾನೂನಿಗೂ ಕಾಯುವುದಿಲ್ಲ.

ಹಿರಿಯರ ಪ್ರಶ್ನೆಗೆ ಪೂಜೆಯ ನಂತರ ಉತ್ತರ ಹೇಳಿದಾಗ, "ಹಾಗಾದ್ರೆ ನಮ್ಮನೆ ಬಾವಿ ನೀರು ಹೇಗಿದೆ ಅಂತ ಯಾರು ಹೇಳ್ತಾರೆ ಸ್ವಾಮಿ?" ಎಂದು ಇನ್ನೊಂದನ್ನು ಕೇಳಿದರು. ಅದಕ್ಕೆ ಸುಲಭವಾದ ಪರೀಕ್ಷೆ ಇದೆ. ಔಷಧ ಹಾಕಿದ ಸಣ್ಣ ಬಾಟಲಿಗೆ ಗುರುತಿನವರೆಗೆ ನೀರು ತುಂಬಿಸಿ, ಒಂದೆರಡು ದಿನ ಬೆಚ್ಚಗಿನ ಜಾಗದಲ್ಲಿ ಇಟ್ಟರೆ ಸಾಕು. ನೀರು ಕಪ್ಪಾದರೆ ಬಾವಿಗೆ ಮಲದ ಸಂಪರ್ಕವಾಗಿದೆ ಎಂದು ತಿಳಿಯಬೇಕು. ಕಾನ್ವೆಂಟಿನ ದವಾಖಾನೆಯ ಸಿಸ್ಟರ್‌ಗಳು ಇಂಥ ಬಾಟಲಿಗಳನ್ನು ತರಿಸಿ ಇಟ್ಟಿದ್ದಾರೆ. ಬರುವ ಎರಡು ಭಾನುವಾರ ಪೂಜೆಯ ನಂತರ ಮನೆಗೊಂದರಂತೆ ಕೊಡುತ್ತಾರೆ. ಬಾಟಲಿಯ ಒಳಭಾಗವನ್ನೂ ಮುಚ್ಚಳದ ಒಳಬದಿಯನ್ನೂ ಬೆರಳಿನಿಂದ ಮುಟ್ಟಬೇಡಿ. ಕಪ್ಪಾದ ಬಾಟಲಿಯನ್ನು ತೆರೆಯದೆ ಹಾಗೆಯೇ ವಾಪಸು ತಂದುಕೊಡಿ, ಎಲ್ಲಿಯೂ ಚೆಲ್ಲಬೇಡಿ. ಆ ಮನೆಯವರು ನೀರನ್ನು ಕುದಿಸಿಯೇ ಕುಡಿಯಿರಿ. ಗುಂಡಿ ಎಲ್ಲಿದೆ, ಎಷ್ಟು ದೂರ ಎಂದು ನೋಡಲು ನಾನೂ ಉಪದೇಶಿಯವರೂ ನಿಮ್ಮ ಮನೆಗೆ ಬರುತ್ತೇವೆ, ಟೇಪು ನಮ್ಮ ಬಳಿ ಇದೆ.